ಅತ್ತೆಗೆ ಓದದೆ ಬಿಟ್ಟ ಹಾಳೆಗಳು

ಫರ್ರ್... ಅಂತ ಒಂದು ಸದ್ದು. ಪುಸ್ತಕದಲ್ಲಿ ಉಳಿದ ಹಾಳೆಗಳ ಅಂಚಿಗೆ ಹೆಬ್ಬೆರಳಿನ ಉಗುರು ಎಳೆದರೆ ಬರುತ್ತದಲ್ಲ, ಅದು. ನಾನು ಓದು ನಿಲ್ಲಿಸಿದ ಕೂಡಲೇ ನನ್ನ ಸೋದರತ್ತೆ, ಅಂದರೆ ಅಪ್ಪನ ತಂಗಿ, ಕೈಚಾಚಿ ಪುಸ್ತಕ ಇಸಿದುಕೊಂಡು ಹಾಗೆ ಮಾಡುತ್ತಿದ್ದಳು. ಗಡಹಿಂಗ್ಲಜದಲ್ಲಿ ಗಂಡನ ಬಟ್ಟೆ ಅಂಗಡಿಯ ಗಾದಿಯ ಮೇಲೆ ನಲವತ್ತು ವರ್ಷ ಕೂತವಳು. ಸೀರೆ ಬಿಚ್ಚದೆಯೇ, ಮಡಿಕೆಗಳ ಮೇಲೆ ಹೆಬ್ಬೆರಳು ಎಳೆದು, ಒಂಬತ್ತು ಗಜ ಪೂರ್ತಿ ಇದೆಯೋ ಇಲ್ಲವೋ ಹೇಳುತ್ತಿದ್ದಳು. ಕಣ್ಣು ಮಂಜಾದ ಮೇಲೂ ಬೆರಳು ಮರೆತಿರಲಿಲ್ಲ.

"ಇನ್ನೂ ಎರಡ ಗಜ ಉಳದೈತಿ," ಅನ್ನುತ್ತಿದ್ದಳು. "ಬರೂ ಗುರುವಾರ ಮುಗಸು."

ಅವಳಿಗೆ ಎಂಬತ್ತೆಂಟು, ನನಗೆ ಎಪ್ಪತ್ತೊಂದು. ಬಹಳ ಹಿಂದಿನ ಮಾತಲ್ಲ, ನಾಲ್ಕು ವರ್ಷವೂ ಆಗಿಲ್ಲ. ಪ್ರತಿ ಗುರುವಾರ ಕೊಲ್ಲಾಪುರದಿಂದ ಬೆಳಗಿನ ಎಸ್‌ಟಿ ಬಸ್ ಹಿಡಿದು ಹೋಗುತ್ತಿದ್ದೆ, ಚೀಲದಲ್ಲಿ ಒಂದು ಹಳೆಯ ಇಂಗ್ಲಿಷ್ ಕಾದಂಬರಿ. ಕೆಲವು ಕಾನ್ವೆಂಟಿನಲ್ಲಿ ಪ್ರೈಜ್ ಆಗಿ ಬಂದವು, ಕೆಲವು ಶಾಲೆಯ ಲೈಬ್ರರಿ ಖಾಲಿ ಮಾಡುವಾಗ ಸಿಸ್ಟರ್ ಒಬ್ಬರು ಕೊಟ್ಟವು. ಎಲ್ಲದರಲ್ಲೂ ಒಬ್ಬಂಟಿ ಹೆಣ್ಣು, ಒಂದು ದೊಡ್ಡ ಮನೆ, ಒಂದು ವಿಲ್, ಮತ್ತು ತುಂಬ ಪೊಲೈಟ್ ಆದ ಒಬ್ಬ ಸಂಬಂಧಿಕ. ಸಾಲನ್ನು ಕಣ್ಣಿನಲ್ಲೇ ಓದಿಕೊಂಡು ನಮ್ಮ ಮಾತಿನಲ್ಲಿ ಹೇಳುತ್ತ ಹೋಗುತ್ತಿದ್ದೆ. ಹದಿನಾರರಲ್ಲಿ ಇವೇ ಪುಸ್ತಕ ಓದಿ ನಾನು ದಿಂಬು ಒದ್ದೆ ಮಾಡಿದ್ದೆ. ಅತ್ತೆ ಕೇಳಿ ಬೀಗ ಬದಲಿಸಿದಳು.

ಅವಳಿಗೆ ಮಕ್ಕಳಿಲ್ಲ. ಪೇಟೆಯ ಆ ಮಾಳಿಗೆಮನೆ ಅವಳ ಹೆಸರಿನಲ್ಲಿತ್ತು. ಮುಂದೆ ಯಾರಿಗೆ ಎಂದು ಅವಳು ಬಾಯಿ ಬಿಟ್ಟಿರಲಿಲ್ಲ. ಉಳಿದವರು ನಾವಿಬ್ಬರೇ: ನಾನು, ಮತ್ತು ಇಚಲಕರಂಜಿಯಲ್ಲಿ ಪವರ್‌ಲೂಮ್ ನಡೆಸುವ ನನ್ನ ತಮ್ಮ.

ಕಾಕ ವಿಲ್ ಕದಿಯುವ ಕಥೆ ಮುಗಿದ ವಾರ, ಮನೆಯ ಕಾಗದಪತ್ರಗಳು ಕಪಾಟಿನಿಂದ ಜೋಳದ ಡಬ್ಬಿಗೆ ಹೋದವು. ಗಾರ್ಡಿಯನ್ ಹಾಲಿನಲ್ಲಿ ವಿಷ ಬೆರೆಸುವ ಕಥೆಯಾದ ಮೇಲೆ, ತನ್ನ ಚಹಾವನ್ನು ಸಾಸರಿಗೆ ಸ್ವಲ್ಪ ಸುರಿದು, ಬಂದವರು ಕುಡಿದ ನಂತರವೇ ತಾನು ಕುಡಿಯತೊಡಗಿದಳು. ಬಂದವರು ಅಂದರೆ ತಮ್ಮ. ನನಗೆ ಮಾಫಿ ಇತ್ತು. "ನೀ ಓದಿ ಹೇಳಾಕಿ, ನಿಂದ ಬ್ಯಾರೆ," ಅಂದಿದ್ದಳು. ಆ ಮಾತಿಗೆ ನಾನು ಎಷ್ಟು ಉಬ್ಬಿದ್ದೆ!

ತಮ್ಮನ ಫೋನ್ ಬಂತು. "ಅಕ್ಕಾ, ಏನ್ ಓದಿ ಹೇಳಾಕತ್ತಿ ಮುದುಕಿಗೆ? ನನ್ನ ಕೈಲೆ ಚಹಾ ಟೆಸ್ಟ್ ಮಾಡಸ್ತಾಳ. ನಾ ಏನ್ ಬೆಕ್ಕ ಅದೀನೇನ?"

"ನೀ ಹ್ವಾದಾಗೊಮ್ಮೆ ಮನಿ ಮಾತ ತಗೀತಿ. ಆಕಿಗೆ ಸಂಶೇ ಬರೂದಿಲ್ಲೇನ?"

"ನಾ ಬಾಯಿ ಬಿಟ್ಟ ಕೇಳ್ತೇನಿ. ನೀ ಪುಸ್ತಕದಾಗಿಂದ ಕೇಳ್ತಿ. ಅಷ್ಟ ಫರಕ."

ಸಿಟ್ಟು ಬಂತು. ಇಳಿದ ಮೇಲೆ ನನ್ನ ಪುಸ್ತಕದ ಕಪಾಟು ತೆರೆದು ನೋಡಿದೆ. ನಾನು ಒಯ್ದಿದ್ದ ಐದೂ ಪುಸ್ತಕಗಳಲ್ಲಿ ಕಳ್ಳ ಗಂಡಸೇ: ಕಾಕ, ಗಾರ್ಡಿಯನ್, ಅಣ್ಣನ ಮಗ. ಆನೆಸ್ಟ್ಲಿ, ಬೇಕಂತಲೇ ಆರಿಸಿದ್ದೆನೇ? ಗೊತ್ತಿಲ್ಲ. ಅತ್ತೆಯ ಪಡಸಾಲೆಯ ಕಿಟಕಿ ಪಕ್ಕ ನನ್ನ ಪುಸ್ತಕದ ಕಪಾಟು ಹಿಡಿಸೀತೇ ಎಂದು ಒಮ್ಮೆ ಗೇಣು ಹಾಕಿ ನೋಡಿದ್ದು ಮಾತ್ರ ನಿಜ.

ಆರನೆಯ ಪುಸ್ತಕ ಓದಿ ಐವತ್ತು ವರ್ಷವಾಗಿತ್ತು. ಯಾರದೋ ನೀಲಿ ಗೌನು ಬಿಟ್ಟರೆ ಏನೂ ನೆನಪಿರಲಿಲ್ಲ. ಶುರು ಮಾಡಿದೆ. ಒಬ್ಬ ಶ್ರೀಮಂತ ವಿಧವೆ. ಅವಳಿಗೆ ದಿನಾ ಪುಸ್ತಕ ಓದಿ ಹೇಳುವ ಬಡ ಸಂಬಂಧಿ ಹೆಣ್ಣು, ಕಂಪ್ಯಾನಿಯನ್. ಗೋಡೆಗೆ ಒರಗಿದ್ದ ಅತ್ತೆ ನೇರವಾಗಿ ಕೂತಳು. ಅರ್ಧಕ್ಕೆ ಬಂದಾಗ ಮುಂದಿನ ಪುಟದ ಮೇಲೆ ಕಣ್ಣು ಓಡಿಸಿದೆ. ಕಂಪ್ಯಾನಿಯನ್ ಬಾಗಿಲು ಹಾಕಿಕೊಂಡು ವಿಧವೆಯ ಸಹಿ ಅಭ್ಯಾಸ ಮಾಡುತ್ತಿದ್ದಳು.

ನನ್ನ ಬಾಯಿ ತಾನಾಗಿಯೇ ಬೇರೆ ಕಥೆ ಹೇಳಿತು. ಕಂಪ್ಯಾನಿಯನ್‌ಗೆ ದೂರದ ಊರಿನಲ್ಲಿ ಟೀಚರ್ ಕೆಲಸ ಸಿಕ್ಕಿತು, ಇಬ್ಬರೂ ಅಪ್ಪಿಕೊಂಡು ಬೀಳ್ಕೊಂಡರು, ಮುಗಿಯಿತು. ಪುಸ್ತಕ ಮುಚ್ಚಿದೆ.

ಕೈ ಬಂತು. ಫರ್ರ್ರ್... ಮುಗಿಯದ ಸದ್ದು.

"ಅರ್ಧಾ ಸೀರಿ ಹಂಗ ಐತೆಲ್ಲ?"

"ಅದು... ಅಪೆಂಡಿಕ್ಸ್, ಅತ್ತೀ. ಬ್ಯಾರೆ ಏನೇನೋ ಬರದಾರ."

"ಹೌದೇನು." ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡಳು. "ಇದ ಇಲ್ಲೇ ಇರಲಿ."

ಮುಂದಿನ ಗುರುವಾರ ಹೋದಾಗ ಪುಸ್ತಕ ಅವಳ ತೊಡೆಯ ಮೇಲೆಯೇ ಇತ್ತು.

"ಮ್ಯಾಲಿನ ಸರ್ ಪೂರಾ ಓದಿ ಹೇಳಿದ್ರು," ಅಂದಳು. ಮಾಳಿಗೆಯಲ್ಲಿ ಬಾಡಿಗೆಗಿದ್ದವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. "ಛಲೋ ಐತಿ ಕತಿ. ಕಡೀಕ ಆಕಿ ಸಿಕ್ಕೊಂತಾಳ, ಬರಂ ಕಾ, ತಿಳೀತಿಲ್ಲೋ."

"ಅತ್ತೀ, ನಾ..."

"ಮಂದಿ ಕತಿಗೆ ನೀ ಯಾಕ ಅಂಜಿದಿ, ಹುಡುಗಿ?"

ಮನೆಯ ಆಸೆ ಇಲ್ಲ ಎಂದರೆ ಗೇಣು ಹಾಕಿದ ಕೈ ಸುಳ್ಳಾಗುತ್ತಿತ್ತು. ಇದೆ ಎಂದರೆ ಅಷ್ಟೂ ಗುರುವಾರಗಳು ಸುಳ್ಳಾಗುತ್ತಿದ್ದವು.

ಅಡಿಗೆಯವಳು ಎರಡು ಕಪ್ ಚಹಾ ತಂದಿಟ್ಟಳು. ಅತ್ತೆ ತಡವರಿಸಿ ಒಂದನ್ನು ನನ್ನ ಕಡೆ ಸರಿಸಿದಳು.

"ಮದ್ಲ ನೀ ಕುಡಿ."

ಕುಡಿದೆ. ಕಣ್ಣು ತುಂಬಿದ್ದು ಅವಳಿಗೆ ಕಾಣದು ಎಂಬುದೊಂದೇ ಸಮಾಧಾನ. ಬಿಸಿಬಿಸಿಯೇ ಮುಗಿಸಿ, ಕಾನ್ವೆಂಟ್ ಕಲಿಸಿದ ಡಿಗ್ನಿಟಿಯನ್ನೆಲ್ಲ ಮುಖಕ್ಕೆ ತಂದುಕೊಂಡು ಎದ್ದೆ. ಹೊಸ್ತಿಲು ತಲುಪಿದಾಗ ನಾಲಿಗೆಗೆ ಗೊತ್ತಾಯಿತು. ಚಹಾ ಸಿಹಿಯಾಗಿತ್ತು, ನನಗೆ ಬೇಕಾದಂತೆ ಎರಡು ಚಮಚ. ಅತ್ತೆಗೆ ಸಕ್ಕರೆ ಕಾಯಿಲೆ. ಅವಳು ಸಿಹಿ ಬಿಟ್ಟು ಎಷ್ಟೋ ವರ್ಷ. ಹಾಗಾದರೆ ಅದು ಅವಳ ಕಪ್ಪಲ್ಲ, ಮೊದಲಿನಿಂದಲೂ ನನ್ನದೇ. ಪರೀಕ್ಷೆಯೋ, ಚೇಷ್ಟೆಯೋ?

ಅದನ್ನು ಕೇಳಲು ಇನ್ನೊಂದು ಗುರುವಾರ ಸಿಗಲಿಲ್ಲ. ಮಂಗಳವಾರ ಅತ್ತೆ ಹೋದಳೆಂದು ತಮ್ಮ ಫೋನ್ ಮಾಡಿದ. ಜೋಳದ ಡಬ್ಬಿಯಲ್ಲಿ ವಿಲ್ ಇರಲಿಲ್ಲ. ನಾನು ತೆಗೆದೆನೆಂದು ಅವನು ಇವತ್ತಿಗೂ ನಂಬಿದ್ದಾನೆ. ಅವನು ತೆಗೆದನೆಂದು ನಾನು.

ಆ ಹೊಸ್ತಿಲಲ್ಲಿ ತಿರುಗಿ ನೋಡಿದ್ದೇ ಕೊನೆ. ಅತ್ತೆ ತನ್ನ ಕಪ್ಪನ್ನು ಮುಟ್ಟಿರಲಿಲ್ಲ. ಮುಖ ನಾನು ನಿಂತ ಕಡೆಗೇ ಇತ್ತು. ತುಟಿಯ ಒಂದು ಬದಿ ನಕ್ಕಂತೆ ಮೇಲೆದ್ದಿತ್ತು ಎಂದು ಈಗ ಅನ್ನಿಸುತ್ತದೆ, ಆದರೆ ನನ್ನ ಅನ್ನಿಸಿಕೆಯನ್ನು ನಾನೇ ನಂಬುವುದಿಲ್ಲ. ಹೆಬ್ಬೆರಳು ಪುಸ್ತಕದ ಅಂಚಿನ ಮೇಲಿತ್ತು.

"ಬರೂ ಗುರುವಾರ," ಅಂದಳು, "ಕಡೀತನಾ ಓದೂವಂಥಾದ ಒಂದ ತಗೊಂಡ ಬಾ."