ಮುಳ್ಳು ಏಳುವ ತನಕ

ಕ್ಷೌರದಂಗಡಿಯವನಿಗೆ ಸಿಡುಕ ಅಂತ ಹೆಸರಿಟ್ಟವನು ಟೈಲರಣ್ಣ. ಕತ್ತಿ ಹಿಡಿಯುವವನಿಗೆ ಮೂಗಿನ ತುದಿಯಲ್ಲಿ ಸಿಟ್ಟಿರಬಾರದು, ಇವನಿಗೆ ಇತ್ತು. ಗಿರಾಕಿ ಕುತ್ತಿಗೆ ಅಲ್ಲಾಡಿಸಿದರೆ ಸಾಕು, "ನೆಟ್ಟಗೆ ಕೂತ್ಕೊಳ್ರೀ, ಕಿವಿ ಬೇಕೋ ಬೇಡ್ವೋ?" ಅಂತ ಗದರುವನು. ಅಂಥವನು ಮೆತ್ತಗಾಗುತ್ತಿದ್ದುದು ಜಾಝ್ ಒಂದಕ್ಕೇ.

ವಾರದ ರಜೆಯ ದಿನ ಮಧ್ಯಾಹ್ನ ಶಟರ್ ಅರ್ಧ ಇಳಿಸಿ, ಟವೆಲ್ಲುಗಳ ಗೂಡಿನಿಂದ ಹಳೆಯ ರೆಕಾರ್ಡ್ ಪ್ಲೇಯರ್ ಕೆಳಗಿಳಿಸುವನು. ಪಕ್ಕದ ಬೀದಿಯ ಟೈಲರಣ್ಣ, ವೈರಿಂಗ್ ಕೆಲಸ ಮಾಡಿ ಕರೆಂಟು ಅನ್ನಿಸಿಕೊಂಡವನು, ಇವನು, ಮೂವರೇ. ಸರದಿ ಪ್ರಕಾರ ಒಬ್ಬೊಬ್ಬರು ಒಂದೊಂದು ರೆಕಾರ್ಡು ತರಬೇಕು. ಸಿಡುಕನಿಗೆ ಟ್ರಂಪೆಟ್ ಅಂದರೆ ಪ್ರಾಣ. ಕರೆಂಟಿಗೆ ಡ್ರಮ್ಮು. ಟೈಲರಣ್ಣನಿಗೆ ಮಾತ್ರ ನಿಧಾನದ ಪಿಯಾನೊ ಬೇಕು, ಯಾರೋ ಒಬ್ಬರೇ ಕೂತು ಹಳೆಯದನ್ನು ನೆನೆಸಿಕೊಂಡ ಹಾಗೆ.

"ಇದೇನಣ್ಣ, ಜೋಗುಳ ತಂದಿದ್ದೀಯ?" ಅಂತ ಕರೆಂಟು ಕಾಲೆಳೆಯುವನು.

"ನಿನ್ನ ಡ್ರಮ್ಮು ಕೇಳೋಕೆ ಇಲ್ಲಿವರೆಗೂ ಯಾಕೋ ಬರ್ಲಿ? ಮನೇಲಿ ನಿಮ್ಮತ್ತಿಗೆ ಸಿಟ್ಟಲ್ಲಿ ಪಾತ್ರೆ ತೊಳೀತಾಳಲ್ಲ, ಅದೇ ಸಾಕು."

ಜಗಳವೇನಿದ್ದರೂ ರೆಕಾರ್ಡು ಹಾಕುವ ಮುಂಚೆ, ಇಲ್ಲ ಮುಗಿದ ಮೇಲೆ. ಸಿಡುಕನದ್ದು ಒಂದೇ ಕಟ್ಟಳೆ: ಪ್ಲೇಯರಿನ ಮುಳ್ಳು ರೆಕಾರ್ಡಿನ ಮೇಲೆ ಕೂತಿತೆಂದರೆ, ಅದು ಏಳುವ ತನಕ ಯಾರೂ ತುಟಿ ಪಿಟಕ್ಕೆನ್ನಬಾರದು. ಒಮ್ಮೆ ಕೆಮ್ಮಿದ ತಪ್ಪಿಗೆ ಕರೆಂಟನ್ನು ಹೊರಗೇ ದಬ್ಬಿದ್ದ.

ಆ ದಿನ ಟೈಲರಣ್ಣನ ಸರದಿ. ತಿಂಗಳುಗಟ್ಟಲೆ ಹುಡುಕಿ ಸಂಪಾದಿಸಿದ ರೆಕಾರ್ಡನ್ನು ಕೋಟಿನ ಬಟ್ಟೆಯ ತುಂಡಿನಲ್ಲಿ ಸುತ್ತಿ ತಂದು ತಿರುಗುವ ಕುರ್ಚಿಯಲ್ಲಿ ಕೂತ. ಪಿಯಾನೊ ಶುರುವಾಯಿತು. ಕರೆಂಟು ಕಣ್ಣು ಮುಚ್ಚಿದ್ದ. ಐದು ನಿಮಿಷವಾಗಿತ್ತೇನೋ, ಟೈಲರಣ್ಣ ಕೈ ಎತ್ತಿದ್ದು, ಬಾಯಿ ತೆರೆದದ್ದು ಸಿಡುಕನಿಗೆ ಎದುರಿನ ಕನ್ನಡಿಯಲ್ಲಿ ಕಾಣಿಸಿತು. ಸಿಡುಕ ತುಟಿಯ ಮೇಲೆ ಬೆರಳಿಟ್ಟು ಕಣ್ಣು ಕೆಕ್ಕರಿಸಿದ. ಟೈಲರಣ್ಣ ಬೈಸಿಕೊಂಡ ಮಗುವಿನ ಹಾಗೆ ಕೈ ಇಳಿಸಿ, ತಲೆ ಹಿಂದಕ್ಕೆ ಒರಗಿಸಿದ.

ಹದಿನೈದು ನಿಮಿಷ ಕಳೆದು ಮುಳ್ಳು ಎದ್ದಿತು.

"ನೋಡು ಗುರುವೇ, ಜೋಗುಳಕ್ಕೆ ಮೊದಲು ನಿದ್ದೆ ಹೋದವನು ಇವನೇ!" ಕರೆಂಟು ನಗುತ್ತ ಕುರ್ಚಿ ತಿರುಗಿಸಿದ. ಟೈಲರಣ್ಣನ ಕೈ ಪಕ್ಕಕ್ಕೆ ಜಾರಿ ನೇತಾಡಿತು.

ಹೃದಯ ಅಂದರು ಡಾಕ್ಟರು. "ಒಂದು ಹತ್ತು ನಿಮಿಷ ಮುಂಚೆ ತಂದಿದ್ರೆ..." ಅಂತ ಅರ್ಧಕ್ಕೇ ನಿಲ್ಲಿಸಿದರು.

ಆಮೇಲೆ ಸಿಡುಕ ಯಾರನ್ನೂ ಗದರಲಿಲ್ಲ. ಸದ್ಯ, ಬುದ್ಧಿ ಬಂತು ಅಂತ ಗಿರಾಕಿಗಳು ಆಡಿಕೊಂಡರು. ಕೈ ಎತ್ತಿದ್ದನ್ನು ಕಂಡವನು ಅವನೊಬ್ಬನೇ. ಹೇಳಿದರೆ ಅತ್ತಿಗೆಗೆ ಮುಖ ತೋರಿಸುವುದು ಹೇಗೆ? ಹೇಳದಿದ್ದರೆ ಆ ಕನ್ನಡಿ ನೋಡುವುದು ಹೇಗೆ?

ಎರಡು ತಿಂಗಳಾದ ಮೇಲೆ, ರಜೆಯ ದಿನವೇ, ಟೈಲರಣ್ಣನ ಹೆಂಡತಿ ಬಂದಳು.

"ಅವರು ಕೊನೇಲಿ ಕೇಳಿದ್ದನ್ನ ನಾನೂ ಕೇಳ್ಬೇಕು, ಹಾಕಪ್ಪ."

ಅವಳು ಅದೇ ಕುರ್ಚಿಯಲ್ಲಿ ಕೂತಳು. ಪಿಯಾನೊ ಆ ಜಾಗಕ್ಕೆ ಬರುತ್ತಲೇ ಸಿಡುಕನಿಗೆ ತಡೆಯಲಾಗಲಿಲ್ಲ. "ಇಲ್ಲೇ ಅತ್ತಿಗೆ. ಇಲ್ಲೇ ಅಣ್ಣ ಕೈ ಎತ್ತಿದ. ನಾನು... ಸುಮ್ನಿರು ಅಂತ ಬೆರಳು ತೋರಿಸಿದೆ."

ಅವಳು ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಕೊನೆಯ ತನಕ ಕೇಳಿ, ರೆಕಾರ್ಡನ್ನು ಕೋಟಿನ ಬಟ್ಟೆಯಲ್ಲಿ ಸುತ್ತಿಕೊಂಡು, ಶಟರಿನ ಕೆಳಗೆ ಬಗ್ಗುವಾಗ ಅಂದಳು:

"ಮುಳ್ಳು ಎತ್ತಬಹುದಿತ್ತಲ್ಲಪ್ಪ."

ಮತ್ತೆ ಆ ಕಡೆ ಬರಲಿಲ್ಲ.

ಕರೆಂಟು ಈಗಲೂ ಬರುತ್ತಾನೆ. ಅವನು ಒಂಚೂರು ಮಿಸುಕಿದರೂ ಸಿಡುಕನ ಕೈ ಮುಳ್ಳಿಗೆ ಹೋಗುತ್ತದೆ.

"ಏನೋ? ಏನಾಯ್ತೋ?"

"ಏನಿಲ್ಲ ಗುರುವೇ, ಕಾಲು ಜೋಮು ಹಿಡೀತು."

ಸಿಡುಕ ಮೊದಲಿಂದ ಹಾಕುತ್ತಾನೆ. ಒಂದು ರೆಕಾರ್ಡನ್ನಾದರೂ ಪೂರ್ತಿ ಕೇಳಿ ಅವರಿಗೆ ವರ್ಷಗಳೇ ಆದವು.