ಎಣ್ಣೆ ಕುಡಿದ ಮೊಳೆಗಳು

೧೯೫೫ರಲ್ಲಿ ನಾನು ಹುಣಸೂರಿನ ಒಂದು ಮರದ ಕಾರ್ಖಾನೆಯಲ್ಲಿ ಪೆಟ್ಟಿಗೆ ವಿಭಾಗದ ಸೂಪರ್‌ವೈಸರ್ ಆಗಿದ್ದೆ. ಕಾರ್ಖಾನೆ ಎಂದ ಕೂಡಲೇ ದೊಡ್ಡದೇನನ್ನೋ ಕಲ್ಪಿಸಿಕೊಳ್ಳಬೇಡಿ. ಹೆಗ್ಗಡದೇವನಕೋಟೆ ಕಾಡಿನಿಂದ ಬಂದ ದಿಮ್ಮಿಗಳನ್ನು ಕುಯ್ಯುವ ಎರಡು ಗರಗಸ, ಒಂದು ತಗಡಿನ ಚಾವಣಿ, ಅದರ ಕೆಳಗೆ ಸುತ್ತಿಗೆ ಹಿಡಿದು ಕೂತ ಹತ್ತು ಹನ್ನೆರಡು ಬಡಗಿಗಳು, ಅಷ್ಟೇ. ಅದಕ್ಕೂ ಮುಂಚೆ ನಾನು ಉತ್ತರದ ಕಡೆ ಹೋಗಿ ಪ್ಯಾಕಿಂಗ್ ಕೇಸ್ ಪರೀಕ್ಷೆಯ ತರಬೇತಿ ಮುಗಿಸಿ ಬಂದಿದ್ದೆ. ಪೆಟ್ಟಿಗೆಯನ್ನು ಎತ್ತಿಹಾಕಿ, ಉರುಳಿಸಿ, ಅದು ಎಲ್ಲಿ ಬಿಟ್ಟುಕೊಳ್ಳುತ್ತದೆ ಎಂದು ನೋಡುವ ವಿದ್ಯೆ ಅದು. "ಪೆಟ್ಗೆ ಒಡೆಯಾಕೂ ಅಷ್ಟ್ ದೂರ ಓಗಿ ಓದ್ಬೇಕೇನ್ಲಾ?" ಎಂದು ನನ್ನ ಸೋದರಮಾವ ಊರವರ ಮುಂದೆಯೇ ನಕ್ಕಿದ್ದ.

ಪೆಟ್ಟಿಗೆ ಮುರಿದರೆ ಜನ ಹಲಗೆಯನ್ನು ಬೈಯುತ್ತಾರೆ. ಆದರೆ ಹಲಗೆ ಮುರಿಯುವುದು ಅಪರೂಪ, ಬಿಟ್ಟುಕೊಡುವುದು ಮೊಳೆ. ಮರದ ಎಳೆಗಳನ್ನು ಅಡ್ಡ ಹಾಯ್ದು ಹೋದ ಮೊಳೆಯನ್ನು ಆ ಎಳೆಗಳು ಎರಡೂ ಕಡೆಯಿಂದ ಒತ್ತಿ ಹಿಡಿಯುತ್ತವೆ. ಹಲಗೆಯ ಕಡಿದ ತುದಿಗೆ, ಎಳೆಗಳ ಉದ್ದಕ್ಕೆ ಹೊಡೆದರೆ ಆ ಹಿಡಿತ ಸಿಗುವುದಿಲ್ಲ. ಅದಕ್ಕೇ ಪೆಟ್ಟಿಗೆಯ ಮೂಲೆಗಳಿಗೆ ಗಟ್ಟಿ ಮರದ ಪಟ್ಟಿ ಕೊಟ್ಟು, ಮೊಳೆ ಹಲಗೆಯನ್ನು ದಾಟಿ ಪಟ್ಟಿಯ ಎಳೆಗಳಿಗೆ ಅಡ್ಡವಾಗಿ ಇಳಿಯುವಂತೆ ನೋಡಿಕೊಳ್ಳಬೇಕು. ಎಲ್ಲ ಮೊಳೆಗಳನ್ನೂ ಒಂದೇ ಸಾಲಿನಲ್ಲಿ ಹೊಡೆದರೆ ಮರ ಸೀಳುತ್ತದೆ, ಆದ್ದರಿಂದ ಒಂದು ಆಚೆ, ಒಂದು ಈಚೆ. ನೆಟ್ಟಗೆ ಹೊಡೆಯುವುದಕ್ಕಿಂತ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ತುಸು ಓರೆಯಾಗಿ ಹೊಡೆದರೆ ತಳ ಸುಲಭವಾಗಿ ಕಿತ್ತು ಬರುವುದಿಲ್ಲ. ಕೇಳಲು ಸಣ್ಣ ವಿಷಯ. ನನಗೆ ಸಂಬಳ ಬರುತ್ತಿದ್ದುದು ಈ ಸಣ್ಣ ವಿಷಯಕ್ಕೆ.

ಆ ಬೇಸಿಗೆಯಲ್ಲಿ ನಮಗೊಂದು ಹೊಸ ಕೆಲಸ ಬಂತು. ಅಂತರಸಂತೆಯ ಸುತ್ತಿನ ಕಾಡುಜನರ ಹಾಡಿಗಳಲ್ಲಿ ಜೇನು ಇಳಿಸುವವರೆಲ್ಲ ಸೇರಿ, ಮಧ್ಯವರ್ತಿಗಳನ್ನು ಬಿಟ್ಟು, ಮೊದಲ ಬಾರಿಗೆ ತಮ್ಮ ಜೇನನ್ನು ನೇರವಾಗಿ ಮುಂಬಯಿಯ ಒಬ್ಬ ವ್ಯಾಪಾರಿಗೆ ಕಳಿಸುವುದೆಂದು ತೀರ್ಮಾನಿಸಿದ್ದರು. ಸೀಮೆಎಣ್ಣೆ ಡಬ್ಬದ ಗಾತ್ರದ ತಗಡಿನ ಡಬ್ಬಗಳಲ್ಲಿ ಜೇನು ತುಂಬಿ, ಎರಡೆರಡು ಡಬ್ಬಕ್ಕೆ ಒಂದೊಂದು ಮರದ ಪೆಟ್ಟಿಗೆ ಮಾಡಿ, ಕೆ.ಆರ್. ನಗರದ ಸ್ಟೇಷನ್ನಿನಲ್ಲಿ ಗೂಡ್ಸ್ ವ್ಯಾಗನ್ನಿಗೆ ಏರಿಸಬೇಕು. ಜೇನು ನೀರಿಗಿಂತ ಬಹಳ ತೂಕ. ಒಂದು ಪೆಟ್ಟಿಗೆಯನ್ನು ಎತ್ತಲು ಇಬ್ಬರು ಹಮಾಲಿಗಳು ಬೇಕು, ಆ ಭಾರವೆಲ್ಲ ಕೂರುವುದು ತಳದ ಮೊಳೆಗಳ ಮೇಲೆ.

ಮಾಲೀಕರಾದ ಗುರುಲಿಂಗಪ್ಪನವರು ಈ ಕೆಲಸವನ್ನು ನನಗೆ ವಹಿಸಿದರು. ನಾನು ಪುಟ್ಟಸ್ವಾಮಿಗೆ ವಹಿಸಿದೆ.

ಪುಟ್ಟಸ್ವಾಮಿ ಬಡಗಿಗಳ ಮೇಸ್ತ್ರಿ. ಕಂಪಲಾಪುರದವನು, ಅಂದರೆ ನನ್ನ ಊರಿನವನೇ. ಒಂದೇ ಶಾಲೆ, ಒಂದೇ ಬೆಂಚು. ನನ್ನ ತಾಯಿ ಹಬ್ಬಕ್ಕೆ ಒಬ್ಬಟ್ಟು ಮಾಡಿದರೆ ಅವನಿಗೊಂದು ಪಾಲು ಎತ್ತಿಡದೆ ನಮಗೆ ಬಡಿಸುತ್ತಿರಲಿಲ್ಲ. ಗುರುಲಿಂಗಪ್ಪನವರ ಮುಂದೆ ನಿಂತು, ಇವನಂಥ ಕೈ ಈ ಸೀಮೆಯಲ್ಲೇ ಇಲ್ಲ ಎಂದು ಹೇಳಿ ಅವನನ್ನು ಕೆಲಸಕ್ಕೆ ಸೇರಿಸಿದ್ದು ನಾನು. ಅದು ಸುಳ್ಳೇನೂ ಅಲ್ಲ, ಅವನ ಕೈ ನಿಜವಾಗಿಯೂ ಅಂಥದ್ದೇ.

ನಾವಿಬ್ಬರೂ ಕೂತು ಒಂದು ಮಾದರಿ ಪೆಟ್ಟಿಗೆ ಮಾಡಿದೆವು. ಹಲಗೆಗೆ ಹಗುರವಾದ ಬೂರುಗ, ಮೂಲೆಯ ಪಟ್ಟಿಗೆ ಗಟ್ಟಿಯಾದ ಮತ್ತಿ. ಮೊಳೆ ಸಿಮೆಂಟ್ ಕೋಟೆಡ್. ಹೆಸರು ಹಾಗೆಂದರೂ ಅದರಲ್ಲಿ ಸಿಮೆಂಟ್ ಇರುವುದಿಲ್ಲ. ಮೊಳೆಯ ಮೈಗೆ ರಾಳದಂಥ ಅಂಟನ್ನು ಬಳಿದಿರುತ್ತಾರೆ. ಸುತ್ತಿಗೆಯ ಏಟಿಗೆ ಮೊಳೆ ಮರದೊಳಗೆ ಉಜ್ಜಿಕೊಂಡು ಹೋಗುವಾಗ ಬಿಸಿಯಾಗಿ ಆ ಅಂಟು ಕರಗುತ್ತದೆ, ತಣ್ಣಗಾದ ಮೇಲೆ ಮರವನ್ನು ಕಚ್ಚಿ ಹಿಡಿಯುತ್ತದೆ.

ಇಲ್ಲಿ ನಮ್ಮ ಸೀಮೆಯ ಬಡಗಿಗಳ ಒಂದು ರೂಢಿಯನ್ನು ಹೇಳಬೇಕು. ಅವರೆಲ್ಲ ಮನೆ ಕಟ್ಟುವ ಕೆಲಸದವರು. ಬಾಗಿಲುವಾಡದ ಗಟ್ಟಿ ಮರಕ್ಕೆ ಮೊಳೆ ಹೊಡೆಯುವಾಗ ಪಕ್ಕದಲ್ಲಿ ಹರಳೆಣ್ಣೆಯ ಒಂದು ಕರಟ ಇಟ್ಟುಕೊಂಡು, ಮೊಳೆಯನ್ನು ಅದರಲ್ಲಿ ಅದ್ದಿ ಹೊಡೆಯುತ್ತಾರೆ. ಮರ ಸೀಳುವುದಿಲ್ಲ, ಕೈ ನೋಯುವುದಿಲ್ಲ, ಮೊಳೆ ಸರಾಗವಾಗಿ ಇಳಿಯುತ್ತದೆ. ಬಾಗಿಲುವಾಡವನ್ನು ಹಿಡಿದು ನಿಲ್ಲಿಸುವುದು ಮರದ ಗೂಟ ಮತ್ತು ಒಂದರೊಳಗೊಂದು ಕೂರುವ ಕಚ್ಚು, ಮೊಳೆಯದು ನೆಪಕ್ಕೆ. ಹಾಗಾಗಿ ಅಲ್ಲಿ ಎಣ್ಣೆ ನಡೆಯುತ್ತದೆ. ಪೆಟ್ಟಿಗೆಯಲ್ಲಿ ಮೊಳೆ ಬಿಟ್ಟರೆ ಬೇರೆ ಗತಿ ಇಲ್ಲ. ಅಂಟಿನ ಮೊಳೆಗೆ ಎಣ್ಣೆ ಸೋಕಿದರೆ ಕಥೆ ಮುಗಿಯಿತು, ಸರಾಗವಾಗಿ ಹೋದದ್ದು ಅಷ್ಟೇ ಸರಾಗವಾಗಿ ಹೊರಗೆ ಬರುತ್ತದೆ. ಇದನ್ನು ಪುಟ್ಟಸ್ವಾಮಿಗೆ ಕಣ್ಣಾರೆ ತೋರಿಸಿದೆ. ಎಣ್ಣೆಯ ಮೊಳೆ ಇಕ್ಕಳಕ್ಕೆ ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು. ಒಣ ಮೊಳೆಯನ್ನು ಕೀಳಲು ಹೋದರೆ ಅದರ ತಲೆಯೇ ಹಾರಿಹೋಯಿತು. ಅವನು ಹುಬ್ಬೇರಿಸಿ ನಕ್ಕ. ಬಡಗಿಗಳ ಕರಟಗಳನ್ನೆಲ್ಲ ತಾನೇ ಆಯ್ದು ಬೇಲಿಯಾಚೆ ಎಸೆದ.

ಮಾದರಿ ಪೆಟ್ಟಿಗೆಗೆ ಮರಳು ತುಂಬಿ, ಸೊಂಟದೆತ್ತರದಿಂದ ಮೂಲೆಯ ಮೇಲೆ, ಅಂಚಿನ ಮೇಲೆ, ತಳದ ಮೇಲೆ ಬೀಳಿಸಿದೆವು. ಪೆಟ್ಟಿಗೆ ಮಿಸುಕಲಿಲ್ಲ. ಗುರುಲಿಂಗಪ್ಪನವರು ಅದನ್ನು ತಮ್ಮ ಆಫೀಸಿನ ಮೂಲೆಯಲ್ಲಿ ಇರಿಸಿಕೊಂಡರು.

ಜೇನು ತುಂಬಿ ಡಬ್ಬಕ್ಕೆ ಬೆಸುಗೆ ಹಾಕಿಸಲು ನಾನು ಅಂತರಸಂತೆಗೆ ಹೋಗಬೇಕಿತ್ತು. ಹೊರಡುವಾಗ ಕೆಲಸದ ಬಗ್ಗೆ ಮತ್ತೊಮ್ಮೆ ಹೇಳಹೋದರೆ ಪುಟ್ಟಸ್ವಾಮಿ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟ. "ಅದೆಷ್ಟ್ ಸಲ ಯೋಳ್ತೀಯೋ ಶಿವ. ನೀನ್ ಓಗ್ ಬಾ ಕಣ್ಲಾ, ನಾನಿವ್ನಲ್ಲಾ ಇಲ್ಲಿ."

ಅಂತರಸಂತೆಯಲ್ಲಿ ಜೇನಿನವರ ಪರವಾಗಿ ಮಾತಾಡುತ್ತಿದ್ದವನು ಕಾಳಯ್ಯ. ವಯಸ್ಸಾಗಿತ್ತು, ಮರ ಹತ್ತುವುದನ್ನು ಬಿಟ್ಟಿದ್ದ. ಆದರೆ ಹಾಡಿಯಲ್ಲಿ ಅವನು ಹೇಳಿದ್ದೇ ಕೊನೆ ಮಾತು. ರೈಲು, ಮುಂಬಯಿ, ಎರಡನ್ನೂ ಅವನು ಕಂಡಿರಲಿಲ್ಲ. ಜನಕ್ಕೆ ಅನುಮಾನ. ಹಳೆಯ ವ್ಯಾಪಾರಿ ಕಡಿಮೆ ಕೊಟ್ಟರೂ ಜೇನನ್ನು ಬಾಗಿಲಿಂದಲೇ ಒಯ್ಯುತ್ತಿದ್ದ. ಇಡೀ ಬೇಸಿಗೆಯ ಜೇನನ್ನು ಕಾಣದ ಊರಿಗೆ ಕಳಿಸಿ, ಅದು ದಾರಿಯಲ್ಲಿ ಹಾಳಾದರೆ ಮಳೆಗಾಲಕ್ಕೆ ರಾಗಿ ಎಲ್ಲಿಂದ? ಕಾಳಯ್ಯ ನನ್ನನ್ನು ನೇರವಾಗಿ ಕೇಳಿದ. "ಓಗಿ ಸೇರ್ತದಾ ಬುದ್ಧಿ?"

"ಸೇರುತ್ತದೆ. ಪೆಟ್ಟಿಗೆಯ ಹೊಣೆ ನನ್ನದು," ಎಂದೆ.

ಅವನು ಹಿಂದಿರುಗಿ ಹಾಡಿಯವರಿಗೆ ತಲೆಯಾಡಿಸಿದ. ಅಲ್ಲಿಂದಾಚೆಗೆ ಯಾರೂ ಪ್ರಶ್ನೆ ಕೇಳಲಿಲ್ಲ, ಮಡಕೆ ಮಡಕೆಯಾಗಿ ಜೇನು ತಂದು ಸುರಿದರು.

ಅಷ್ಟರಲ್ಲಿ ಹುಣಸೂರಿನಲ್ಲಿ ನನಗೆ ತಿಳಿಯದಂತೆ ಬೇರೆಯೇ ನಡೆದಿತ್ತು. ವ್ಯಾಗನ್ನು ನಿರೀಕ್ಷೆಗಿಂತ ಮುಂಚೆ ಮಂಜೂರಾಯಿತು. ಪೆಟ್ಟಿಗೆಗಳು ಅರ್ಧವೂ ಆಗಿರಲಿಲ್ಲ. ಮತ್ತಿ ಮರಕ್ಕೆ ಒಣ ಮೊಳೆ ಇಳಿಸುವುದೆಂದರೆ ತೋಳು ಬಿದ್ದುಹೋಗುವ ಕೆಲಸ. ಹೇಗಾದರೂ ಮಾಡಿ ಮುಗಿಸು ಎಂದು ಗುರುಲಿಂಗಪ್ಪನವರು ಪುಟ್ಟಸ್ವಾಮಿಯ ಬೆನ್ನು ಬಿದ್ದರು. ಅವನು ನನಗೊಂದು ಮಾತು ಹೇಳಿ ಕಳಿಸಬಹುದಿತ್ತು. ಕಳಿಸಲಿಲ್ಲ.

ಕೊನೆಯ ಡಬ್ಬಗಳೊಂದಿಗೆ ನಾನು ಲಾರಿಯಲ್ಲಿ ಹುಣಸೂರಿಗೆ ಬಂದೆ. ತನ್ನ ಜೇನು ರೈಲು ಹತ್ತುವುದನ್ನು ನೋಡಬೇಕೆಂದು ಕಾಳಯ್ಯನೂ ಜೊತೆಗೆ ಹೊರಟಿದ್ದ. ಪೆಟ್ಟಿಗೆಗಳೆಲ್ಲ ತಯಾರಾಗಿದ್ದವು, ಹೆಚ್ಚಿನವು ನಾನು ಮೊದಲು ಕಳಿಸಿದ್ದ ಡಬ್ಬಗಳನ್ನು ತುಂಬಿಕೊಂಡು ಆಗಲೇ ಸ್ಟೇಷನ್ನಿಗೆ ಹೋಗಿದ್ದವು. ಉಳಿದವನ್ನು ನೋಡಿದೆ. ಮೊಳೆಯ ತಲೆಗಳು ಆಚೆ ಈಚೆ ಸರಿಯಾಗಿದ್ದವು, ಒಂದು ಹಲಗೆಯೂ ಸೀಳಿರಲಿಲ್ಲ. ಮಾದರಿಗಿಂತ ಅಂದವಾಗಿವೆ ಎನಿಸಿತು. ಬೀಳಿಸಿ ನೋಡಿದೆಯಾ ಎಂದು ಪುಟ್ಟಸ್ವಾಮಿಯನ್ನು ಕೇಳಿದೆ.

"ನೋಡ್ದೆ ಕಳುಸ್ತೀನಾ? ವ್ಯಾಗನ್ ಕಾಯ್ತಾ ಅದೆ, ಒರ್ಡು ಒರ್ಡು," ಎಂದ. ಅವನು ನನ್ನ ಮುಖ ನೋಡಿಯೇ ಹೇಳಿದ. ಅದನ್ನು ನಾನು ಇಂದಿಗೂ ಮರೆತಿಲ್ಲ.

ಕೆ.ಆರ್. ನಗರದ ಗೂಡ್ಸ್ ಷೆಡ್ಡಿನಲ್ಲಿ ಮಧ್ಯಾಹ್ನದ ಬಿಸಿಲು. ಕಾಳಯ್ಯ ರೈಲುಹಳಿಯನ್ನು ಬಗ್ಗಿ ಮುಟ್ಟಿ ನೋಡಿ, ಕಲ್ಲಿನ ಕಟ್ಟೆಯ ಮೇಲೆ ಬಂದು ನಿಂತಿದ್ದ. ಲಾರಿಯಿಂದ ಜಾರಿಸಿ ಇಳಿಸಿದ್ದ ಮೊದಲ ಪೆಟ್ಟಿಗೆಯನ್ನು ಇಬ್ಬರು ಹಮಾಲಿಗಳು ಆಚೆ ಈಚೆ ಹಿಡಿದು ಎತ್ತಿದರು. ಪೆಟ್ಟಿಗೆ ಮೇಲೆ ಹೋಯಿತು, ತಳ ನೆಲದಲ್ಲೇ ಉಳಿಯಿತು. ಎರಡು ಡಬ್ಬ ಅವರ ಕಾಲಬಳಿ ಕುಕ್ಕರಿಸಿದಂತೆ ಕೂತಿದ್ದವು. ಹಮಾಲಿಗಳಿಗೆ ನಗು ಬಂತು. ಎರಡನೆಯ ಪೆಟ್ಟಿಗೆಯ ತಳ ಎದೆಯೆತ್ತರದಲ್ಲಿ ಬಿಟ್ಟುಕೊಂಡಿತು. ಡಬ್ಬಗಳು ಕಲ್ಲಿನ ಮೇಲೆ ಬಿದ್ದು ಬೆಸುಗೆ ಬಾಯಿಬಿಟ್ಟಿತು. ಆಗ ಯಾರೂ ನಗಲಿಲ್ಲ. ನಾನು "ನಿಲ್ಲಿಸಿ" ಎಂದು ಕೂಗುವಷ್ಟರಲ್ಲಿ ವ್ಯಾಗನ್ನಿನೊಳಗೆ ಬೆಳಿಗ್ಗೆಯೇ ತಳಕ್ಕೆ ಕೈಹಾಕಿ ಎತ್ತಿ ಒಂದರ ಮೇಲೊಂದು ಜೋಡಿಸಿದ್ದ ಪೆಟ್ಟಿಗೆಗಳ ಸಾಲೂ ಜಗ್ಗಿ, ಮೂಲೆ ಬಿಟ್ಟು ಕುಸಿಯಿತು. ಬಾಗಿಲಿನ ಅಂಚಿನಿಂದ ಜೇನು ನಿಧಾನವಾಗಿ ಇಳಿದು ಹಳಿಯ ಜಲ್ಲಿಗೆ ಸೇರತೊಡಗಿತು. ಸ್ವಲ್ಪ ಹೊತ್ತಿನಲ್ಲಿ ಇರುವೆಗಳು ಬಂದವು, ಆಮೇಲೆ ಎಲ್ಲಿಂದಲೋ ಜೇನುಹುಳಗಳೂ ಬಂದವು.

ಕಾಳಯ್ಯ ಕೂಗಾಡಲಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಸೋರುತ್ತಿದ್ದ ಡಬ್ಬವೊಂದರ ಬಾಯಿಗೆ ಒತ್ತಿ ಹಿಡಿದು ಕೂತುಬಿಟ್ಟ.

ನಾನು ತಳದ ಹಲಗೆಯೊಂದನ್ನು ಎತ್ತಿಕೊಂಡೆ. ಅದರಿಂದ ಹೊರಚಾಚಿದ್ದ ಮೊಳೆಗಳು ಫಳಫಳ ಹೊಳೆಯುತ್ತಿದ್ದವು, ಮೈಮೇಲೆ ಮರದ ಒಂದು ಎಳೆಯೂ ಅಂಟಿರಲಿಲ್ಲ. ಬೆರಳಿನಿಂದ ಉಜ್ಜಿ ಮೂಸಿದೆ. ಹರಳೆಣ್ಣೆ. ಆ ಮೊಳೆಗಳು ಒಂದು ಎಡಕ್ಕೆ, ಒಂದು ಬಲಕ್ಕೆ, ನಾನು ಕಲಿಸಿದ ಹಾಗೆಯೇ ಓರೆಯಾಗಿದ್ದವು. ಹೊರಗಿನಿಂದ ಕಾಣುವುದನ್ನೆಲ್ಲ ಸರಿಯಾಗಿ ಮಾಡಿ, ಕಾಣದ ಕಡೆ ಪುಟ್ಟಸ್ವಾಮಿ ಕೈಕೊಟ್ಟಿದ್ದ.

ಮಾರನೆಯ ದಿನ ಕಾರ್ಖಾನೆಯ ಅಂಗಳದಲ್ಲಿ ವಿಚಾರಣೆ. ಗುರುಲಿಂಗಪ್ಪನವರು ಕುರ್ಚಿಯಲ್ಲಿ, ಕಾಳಯ್ಯ ದಿಮ್ಮಿಯ ಮೇಲೆ, ಬಡಗಿಗಳು ತಲೆತಗ್ಗಿಸಿ ಗೋಡೆಯ ಪಕ್ಕದಲ್ಲಿ. ಎಣ್ಣೆ ಹಾಕಿದ್ದು ಏಕೆ ಎಂದು ಮಾಲೀಕರು ಕೇಳಿದರು. ಪುಟ್ಟಸ್ವಾಮಿ ಕೈಕಟ್ಟಿ ನಿಂತು ಹೇಳಿದ. "ಸೂಪರ್‌ವೈಸರ್ ಸಾಯೇಬ್ರೇ ಯೋಳಿ ಓದ್ರು ಸ್ವಾಮಿ. ಬ್ಯಾಗ ಆಗ್ಲಿ, ಎಣ್ಣೆ ಆಕ್ಸು ಅಂದ್ರು. ಅವ್ರು ಯೋಳ್ದಂಗೆ ಮಾಡ್ದೊ."

ಸೂಪರ್‌ವೈಸರ್ ಸಾಹೇಬರು. ಅವರು. ಬುದ್ಧಿ ಬಂದಾಗಿನಿಂದ ನನ್ನನ್ನು 'ಲೇ' ಎಂದು ಕರೆದವನು ಅಂದು ಬಹುವಚನ ಕೊಟ್ಟ. ಅವನ ಸುಳ್ಳಿಗಿಂತ ಆ ಮರ್ಯಾದೆ ನನ್ನನ್ನು ಹೆಚ್ಚು ಸುಟ್ಟಿತು. ಬಡಗಿಗಳ ಕಡೆ ನೋಡಿದೆ. ಒಬ್ಬನೂ ತಲೆ ಎತ್ತಲಿಲ್ಲ.

ನಾನು ಮಾತಿಗೆ ಮಾತು ಬೆಳೆಸಲಿಲ್ಲ. ಆಫೀಸಿನಿಂದ ಮಾದರಿ ಪೆಟ್ಟಿಗೆಯನ್ನು ತರಿಸಿದೆ. ಲಾರಿಯ ಮೇಲಿಂದ, ಮರಳು ತುಂಬಿದ ಆ ಪೆಟ್ಟಿಗೆಯನ್ನು ಎಲ್ಲರ ಎದುರು ಕೆಳಗೆ ತಳ್ಳಿದೆ. ಮೂಲೆ ನೆಲಕ್ಕೆ ಬಡಿದು ಪೆಟ್ಟಿಗೆ ಒಂದು ಮಗ್ಗುಲಿಗೆ ಉರುಳಿತು. ಒಂದು ಮೊಳೆಯೂ ಸಡಿಲವಾಗಲಿಲ್ಲ. "ಇದು ಒಣ ಮೊಳೆ. ನಾನು ಕಲಿಸಿದ್ದು ಇದನ್ನು," ಎಂದೆ. ನಿಜ ಅಲ್ಲೇ ಬಿದ್ದಿತ್ತು, ಎಲ್ಲರ ಕಣ್ಣಮುಂದೆ. ನಾನು ಗೆದ್ದೆ ಎಂದುಕೊಂಡೆ.

ಗುರುಲಿಂಗಪ್ಪನವರು ಪೆಟ್ಟಿಗೆಯನ್ನು ಸುತ್ತ ಬಂದು ನೋಡಿದರು. "ಅಂದ್ರೆ ಗಟ್ಟಿ ಪೆಟ್ಟಿಗೆ ಮಾಡೋದು ಹೆಂಗೆ ಅಂತ ನಿಮಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಹಿಂಗೆ ಮಾಡ್ಸಿದ್ರಿ," ಎಂದರು. ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಆಗ ನನಗೆ ಅರ್ಥವಾಯಿತು, ಅವರಿಗೆ ಎಲ್ಲವೂ ಮೊದಲೇ ಗೊತ್ತಿತ್ತು. ಹೊರಗಿನವರ ಮುಂದೆ ಒಬ್ಬನ ತಲೆ ಬೇಕಿತ್ತು. ನನ್ನ ಪೆಟ್ಟಿಗೆ ಎಷ್ಟು ಗಟ್ಟಿಯಾಗಿತ್ತೋ ನನ್ನ ಮೇಲಿನ ಆರೋಪವೂ ಅಷ್ಟೇ ಗಟ್ಟಿಯಾಯಿತು.

ಕಾಳಯ್ಯನಾದರೂ ತಿಳಿದುಕೊಳ್ಳಲಿ ಎಂದು ಅವನ ಹತ್ತಿರ ಹೋದೆ. ಮತ್ತಿ, ಹರಳೆಣ್ಣೆ, ಸ್ನೇಹಿತ, ಎಲ್ಲವನ್ನೂ ಬಿಡಿಸಿ ಹೇಳಿದೆ. ಅವನು ಕೊನೆಯವರೆಗೂ ಕೇಳಿದ.

"ಯಾರ್ ಎಣ್ಣೆ ಆಕಿದ್ರು ಅನ್ನೋದ್ ನಂಗ್ಯಾಕೆ ಬುದ್ಧಿ? ಆವಯ್ಯ ಬಂದು ಕೇಳಿದ್ರೆ ನಾವ್ ಜೇನು ಕೊಡ್ತಿರ್ನಿಲ್ಲ. ನೀವ್ ಮಾತ್ ಕೊಟ್ರಿ, ಅದ್ಕೇ ಕೊಟ್ಟೊ."

ಟವೆಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೊರಟುಹೋದ. ಆ ಟವೆಲ್ಲು ಜೇನು ಹೀರಿ ಗಡುಸಾಗಿತ್ತು. ಅವನ ಲೆಕ್ಕದಲ್ಲಿ ಮೋಸ ಮಾಡಿದವನು ನಾನು. ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ಬಹಳ ವರ್ಷ ಪ್ರಯತ್ನಿಸಿದ್ದೇನೆ, ಸಿಕ್ಕಿಲ್ಲ. ಹಾಡಿಯವರು ಮತ್ತೆ ಹಳೆಯ ವ್ಯಾಪಾರಿಗೇ ಜೇನು ಹಾಕತೊಡಗಿದರೆಂದು ಆಮೇಲೆ ಕೇಳಿದೆ.

ಕೆಲಸ ಕಳೆದುಕೊಂಡು, ನನ್ನ ಸಾಮಾನು ಕಟ್ಟಿಕೊಂಡು ಹೊರಡುವಾಗ ಗೇಟಿನ ಬಳಿ ಪುಟ್ಟಸ್ವಾಮಿ ಅಡ್ಡ ನಿಂತಿದ್ದ. ಆಗಲೇ ಅವನನ್ನು ಸೂಪರ್‌ವೈಸರ್ ಮಾಡಿದ್ದರು. ಸುತ್ತ ಯಾರೂ ಇಲ್ಲದ್ದನ್ನು ನೋಡಿ, "ಏನ್ ಮಾಡ್ಲಾ ಶಿವ, ನಂಗೂ ಎಂಡ್ರು ಮಕ್ಳವ್ರೆ ಕಣ್ಲಾ," ಎಂದ. ಅವನ ಕಣ್ಣಲ್ಲಿ ನೀರೂ ಇತ್ತು.

"ದಾರಿ ಬಿಡಿ ಸೂಪರ್‌ವೈಸರ್ ಸಾಹೇಬ್ರೆ," ಎಂದೆ. ಅವನೊಂದಿಗೆ ನಾನಾಡಿದ ಕೊನೆಯ ಮಾತು ಅದು.

ಆಮೇಲೆ ಮೈಸೂರಿನಲ್ಲಿ ಬೇರೆ ಕೆಲಸ ಸಿಕ್ಕಿತು. ನಿವೃತ್ತನಾಗುವವರೆಗೂ ಪೆಟ್ಟಿಗೆಗಳನ್ನೇ ಪರೀಕ್ಷಿಸಿದೆ. ವೃತ್ತಿ ನನಗೆ ಕಲಿಸಿದ್ದು ಇಷ್ಟು: ತಲೆ ನೋಡಿದರೆ ಮೊಳೆಯ ಹಿಡಿತ ತಿಳಿಯುವುದಿಲ್ಲ, ಒಂದನ್ನಾದರೂ ಕಿತ್ತು ನೋಡಬೇಕು. ಯಾರು ಮಾಡಿದ ಪೆಟ್ಟಿಗೆಯೇ ಇರಲಿ, ತಳದಿಂದ ಒಂದು ಮೊಳೆ ಕಿತ್ತು, ಮೂಸಿ ನೋಡದೆ ನಾನು ಪಾಸು ಮಾಡಲಿಲ್ಲ. ಜೊತೆಯವರು ನನಗೆ 'ಮೂಸುವ ಸಾಹೇಬ' ಎಂದು ಹೆಸರಿಟ್ಟಿದ್ದರು. ಇಟ್ಟುಕೊಳ್ಳಲಿ. ಮೊಳೆಯನ್ನೇನೋ ಕಿತ್ತು ನೋಡಬಹುದು, ಒಂದೇ ಬೆಂಚಿನಲ್ಲಿ ಕೂತವನನ್ನು ಹಾಗೆ ನೋಡುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಈಗಲೂ ಮನೆಯಲ್ಲಿ ಏನಾದರೂ ಕೆಲಸಕ್ಕೆ ಬಂದವರು, "ನೀವು ಹೋಗಿ ಬನ್ನಿ ಸಾರ್, ನಾನಿದ್ದೀನಲ್ಲ," ಎಂದರೆ ನಾನು ಹೋಗುವುದಿಲ್ಲ. ಒಳಗಿನಿಂದ ಇಕ್ಕಳ ತಂದು ಅವರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತೇನೆ.