ಕೇಳುವ ಲೈಸೆನ್ಸು, ಮಾತಾಡುವ ಲೈಸೆನ್ಸು

ನಮ್ಮ ಯಜಮಾನರು ತೀರಿಕೊಂಡು ಎಂಟು ತಿಂಗಳಾಯಿತು. ಮೊನ್ನೆ ಅವರ ಟ್ರಂಕು ಖಾಲಿ ಮಾಡುವಾಗ ಹಳೆಯ ರೇಡಿಯೋ ಲೈಸೆನ್ಸಿನ ಪುಸ್ತಕ ಸಿಕ್ಕಿತು. ಆಗೆಲ್ಲ ಮನೆಯಲ್ಲಿ ರೇಡಿಯೋ ಇಡಲೂ ವರ್ಷಕ್ಕೊಮ್ಮೆ ಅಂಚೆ ಕಚೇರಿಯಲ್ಲಿ ಲೈಸೆನ್ಸು ಮಾಡಿಸಬೇಕಿತ್ತು. ಅವರು ಒಂದು ವರ್ಷವೂ ತಪ್ಪಿಸಿದವರಲ್ಲ.

ಎಂಬತ್ತರ ದಶಕದ ಆರಂಭದಲ್ಲಿ ಇಳಕಲ್ಲಿನ ಹೊರಗೆ ನಮ್ಮದೊಂದು ಕಲ್ಲಿನ ಕ್ವಾರಿ ಇತ್ತು. ಅಲ್ಲಿ ಫೋನಿರಲಿಲ್ಲ. ಒಮ್ಮೆ ಕೆಲಸಗಾರನೊಬ್ಬನ ಕಾಲ ಮೇಲೆ ಕಲ್ಲು ಬಿದ್ದು, ಸುದ್ದಿ ಊರಿಗೆ ಮುಟ್ಟುವ ಹೊತ್ತಿಗೆ ಅರ್ಧ ದಿನ ಕಳೆದಿತ್ತು. ಆಮೇಲೆ ಇವರು, ಕೆಲಸ ಮುಗಿಸಿ ಊರು ಬಿಡುತ್ತಿದ್ದ ಗುತ್ತಿಗೆದಾರನೊಬ್ಬನಿಂದ ಎರಡು ವಾಯರ್‌ಲೆಸ್ ಸೆಟ್ ತಂದರು. ಒಂದು ಮನೆಯಲ್ಲಿ, ಒಂದು ಕ್ವಾರಿಗೆ ಓಡಾಡುವ ಜೀಪಿನಲ್ಲಿ. ಒಂಬತ್ತು ದಿನ ಮಾತಾಡಿದೆವು. ಹತ್ತನೆಯ ದಿನ ಆ ರೇಡಿಯೋ ಲೈಸೆನ್ಸಿನ ಪುಸ್ತಕ ಹಿಡಿದುಕೊಂಡು, ಇವೆರಡನ್ನೂ ಇದರಲ್ಲೇ ಸೇರಿಸಿಕೊಡಿ ಎಂದು ಕೇಳಲು ಅಂಚೆ ಕಚೇರಿಗೆ ಹೋದರು. ನಾನೂ ಜೊತೆಗಿದ್ದೆ.

ಪೋಸ್ಟ್‌ಮಾಸ್ತರರು ಕನ್ನಡಕ ತೆಗೆದಿಟ್ಟರು. "ಸಾವ್ಕಾರ್ರ, ಇದು ಕೇಳೋರ ಲೈಸೆನ್ಸ್. ನೀವು ಗಾಳ್ಯಾಗ ಮಾತಾಡಾಕತ್ತೀರಿ. ಅದಕ್ಕ ದಿಲ್ಲಿಯವರು ಫ್ರೀಕ್ವೆನ್ಸಿ ಕೊಡಬೇಕು. ಇಲ್ಲಂದ್ರ ಸೆಟ್ಟೂ ಹೋಗ್ತಾವ, ನೀವೂ ಒಳಗ ಹೋಗ್ತೀರಿ."

ಅಂದೇ ಸೆಟ್ಟುಗಳು ಇದೇ ಟ್ರಂಕು ಸೇರಿದವು. ಬಾಗಲಕೋಟೆಯಲ್ಲಿ ಅರ್ಜಿ ಟೈಪ್ ಮಾಡಿಸಿದರು. ಮನೆ ಮೇಲಿನ ಏರಿಯಲ್ ಕಂಬದ ಎತ್ತರ, ಜೀಪು ಓಡಾಡುವ ಊರುಗಳು, ಎಲ್ಲ ಬರೆಸಿದ ಮೇಲೆ ಕೊನೆಗೆ ಒಂದು ಸಾಲನ್ನು ತಾವೇ ಪೆನ್ನಿನಿಂದ ಸೇರಿಸಿದರು: ತಿಳಿಯದೆ ಒಂಬತ್ತು ದಿನ ಮಾತಾಡಿದ್ದೇವೆ.

"ಅದನ್ನ್ಯಾಕ ಬರದ್ರಿ? ಯಾರಿಗೆ ಗೊತ್ತಾಗ್ತಿತ್ತು?" ಎಂದೆ.

"ಯಾರಿಗೂ ಗೊತ್ತಾಗ್ತಿದ್ದಿಲ್ಲ. ಮಾತಾಡಿದ್ದಂತೂ ಖರೆ ಐತಲ್ಲ," ಎಂದರು.

ಅಲ್ಲಿಂದ ಏಳು ತಿಂಗಳು, ಓಣಿಯಲ್ಲಿ ಖಾಕಿ ಬಟ್ಟೆ ಕಂಡರೆ ಪೊಲೀಸರೇ ಬಂದರೆಂದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅಂಚೆಯವನೂ ಖಾಕಿಯಲ್ಲೇ ಬರುತ್ತಿದ್ದ. ಒಂದು ಬೆಳಿಗ್ಗೆ ಅವನೇ ದಿಲ್ಲಿಯ ಉದ್ದನೆಯ ಲಕೋಟೆ ತಂದುಕೊಟ್ಟ. ಒಡೆಯಲು ನನಗೆ ಧೈರ್ಯವಾಗಲಿಲ್ಲ. ಇವರು ಒಡೆದು, ನಿಧಾನವಾಗಿ ಎರಡು ಸಲ ಓದಿದರು. ಲೈಸೆನ್ಸು ಬಂದಿತ್ತು. ನಮಗೆಂದು ಒಂದು ಫ್ರೀಕ್ವೆನ್ಸಿ ಕೊಟ್ಟಿದ್ದರು. ಆ ಒಂಬತ್ತು ದಿನಗಳ ಬಗ್ಗೆ, ಇನ್ನು ಮುಂದೆ ಹೀಗಾಗಬಾರದು ಎಂಬ ಒಂದೇ ಸಾಲಿತ್ತು. ನಾನು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ.

ಅಂದೇ ಸೆಟ್ಟುಗಳು ಟ್ರಂಕಿನಿಂದ ಹೊರಬಂದವು. ಮಧ್ಯಾಹ್ನ ಜೀಪಿನಿಂದ ಅವರ ದನಿ ಬಂತು. "ಊಟ ಆತೇನ?"

ಮಾತಾಡುವಾಗ ಸೆಟ್ಟಿನ ಗುಂಡಿ ಒತ್ತಬೇಕೆಂಬುದನ್ನು ಮರೆತು ಮೂರು ಸಲ ಉತ್ತರ ಕೊಟ್ಟೆ.

"ಗುಂಡಿ ಒತ್ತು, ಗುಂಡಿ. ಈಗ್ಯಾಕ ಅಂಜತಿ, ಕಾಗದ ಬಂದೈತಲ್ಲ."

ಆ ಕಾಗದವನ್ನು ಅವರು ರೇಡಿಯೋ ಪುಸ್ತಕದೊಳಗೇ ಮಡಚಿ ಇಟ್ಟಿದ್ದರು. ಮೊನ್ನೆ ಅದನ್ನು ಬಿಡಿಸುವಾಗ ಅಳು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಅಂದು ಹೊಸ್ತಿಲ ಮೇಲೆ ಕೂತಾಗ ಆದ ಹಾಗೆಯೇ ಎದೆ ಹಗುರಾಯಿತು.